ಗೋಡೆ ತೂರಿದ ವೈರು

ಸೂರ್ಯ ರವಿವಾರ ಮಾತ್ರ ಬರತೊಡಗಿದ ಮೇಲೆ ವಾರವಿಡೀ ಮನೆಗೆ ಅಂದು ತುಂಬಿದ ಬ್ಯಾಟರಿಯೇ ಗತಿ. ಅಪ್ಪನ ಉಸಿರಿನ ಯಂತ್ರ, ನನ್ನ ಕರೆಂಟ್ ಕಂಬಳಿ ಎರಡೂ ಮುಂದಿನ ರವಿವಾರದವರೆಗೆ ನಡೆಯುತ್ತವೆಂದು ಲೆಕ್ಕ ಹಾಕಿದ್ದೆ. ಆದರೆ ಬ್ಯಾಟರಿ ‘ಶುಕ್ರವಾರದವರೆಗೆ’ ಎಂದು ತೋರಿಸಿತು. ಅಜ್ಜಿಯ ಕತೆಯ ರಾಕ್ಷಸಿಯಂತೆ ಯಾರೋ ಕರೆಂಟನ್ನು ಕದ್ದು ಕುಡಿಯುತ್ತಿದ್ದರು.

ಹುಡುಕಿದರೆ, ಅಜ್ಜಿಯ ಮಂಚದ ಕೆಳಗಿನ ವೈರೊಂದು ಗೋಡೆ ತೂರಿ ಪಕ್ಕದ ಶಾಕಿರಾಳ ಮನೆಗೆ ಹೋಗಿತ್ತು.

“ಅಪ್ಪನ ಉಸಿರು ತಗದು ಮಂದಿಗೆ ಕೊಟ್ಟಿಯೇನಬೇ?”

“ಆಕೀದು ಹಸಿಗೂಸು. ಬೆಚ್ಚಗಿಡಾಕ ಒಂದ ಬಲ್ಬು,” ಅಂದಳು ಅಜ್ಜಿ.

ನಾನು ವೈರಿಗೆ ಕೈಹಾಕಿದೆ.

“ಕೀಳು. ಹೋದ ವಾರ ನೀ ಕಂಬಳಿ ಹೊದ್ದು ಮಲಗಿದಾಗ ನಮ್ಮ ಬ್ಯಾಟರಿ ಸತ್ತಿತ್ತು. ನಿಮ್ಮಪ್ಪ ಹೆಂಗ ಉಳದಾ ಅಂತ ಮಾಡೀದಿ? ಇದ ವೈರಿನ್ಯಾಗ ಶಾಕಿರಾನ ಮನಿ ಕರೆಂಟ್ ಬಂದಿತ್ತು.”

ನಾನು ಕಂಬಳಿಯ ಸ್ವಿಚ್ ಆರಿಸಿದೆ. ಬ್ಯಾಟರಿಯ ಮೇಲೆ ‘ರವಿವಾರದವರೆಗೆ’ ಎಂದು ಮೂಡಿತು.