ಅಳಿಯ ತಂದ ಪಿಸ್ಟನ್

ಮೇಸ್ತ್ರಿ ಉದಯ ಬೆರಳು ಸಡಿಲಿಸಿದ್ದೇ ತಡ, ಹೊಸ ಪಿಸ್ಟನ್ನು ಇಂಜಿನ್ನಿನ ಬ್ಯಾರಲಿನ ಕೊಳವೆಯೊಳಗೆ ಗಡಗಡ ಸದ್ದು ಮಾಡುತ್ತ ಜಾರಿ, ಕೆಳಗಿನ ಗೋಣಿಚೀಲದ ಮೇಲೆ ಬಿತ್ತು. ಅಳತೆ ಸರಿಯಿದ್ದರೆ ಅದು ಹೊಸ ಸೊಸೆ ಮೆಟ್ಟಿಲಿಳಿದ ಹಾಗೆ ಮೆಲ್ಲಗೆ ಇಳಿಯಬೇಕು. ಉದಯ ಗಿರಾಕಿಯ ಮುಖ ನೋಡಲಿಲ್ಲ. ಗ್ಯಾರೇಜಿನ ಗೋಡೆಗೆ ತಾನೇ ಬಣ್ಣದಲ್ಲಿ ಬರೆದು ತೂಗುಹಾಕಿದ್ದ ಬೋರ್ಡಿನ ಕಡೆ ನೋಡಿದ: 'ಗಿರಾಕಿಗಳು ತಂದ ಸಾಮಾನಿಗೆ ನಾವು ಜವಾಬ್ದಾರರಲ್ಲ.'

"ಸಣ್ಣದಾಯ್ತು ಅವ್ವಾ. ಇದು ನಿಮ್ಮ ಗಾಡಿದಲ್ಲ."

ಪಾರ್ವತವ್ವ ಸ್ಟೂಲಿನಿಂದ ಎದ್ದಳು. ಬನವಾಸಿ ಕಡೆಯ ಅನಾನಸು ಬೆಳೆಗಾರ್ತಿ. ಹಣ್ಣು ಸಾಗಿಸುವ ಅವಳ ಗೂಡ್ಸ್ ರಿಕ್ಷಾ ಪಿಸ್ಟನ್ ಒಡೆದುಕೊಂಡು ಮೂರು ದಿನದಿಂದ ಶಿರಸಿಯ ಈ ಗ್ಯಾರೇಜಿನಲ್ಲಿ ಕೂತಿತ್ತು. ಅದನ್ನು ಓಡಿಸುವವನು ಗಂಡ ಸಂಗಯ್ಯ. ಹೊಸ ಪಿಸ್ಟನ್ ತಂದುಕೊಟ್ಟವನು ಆರು ತಿಂಗಳ ಹಿಂದಷ್ಟೇ ಆದ ಅಳಿಯ ಗಿರೀಶ. ಅಳಿಯನ ಮಾತು ಬರುವ ಕಡೆ ಗಂಡನನ್ನು ಕಳಿಸುವ ಧೈರ್ಯ ಅವಳಿಗಿರಲಿಲ್ಲ, ಸಂಗಯ್ಯ ಬಾಯಿಗೆ ಬಂದದ್ದನ್ನು ಅಂದುಬಿಡುವ ಪೈಕಿ.

"ಅಳಿಯಾರು ಹುಬ್ಬಳ್ಳಿಗೆ ಹೋಗಿ ನಾಕು ಅಂಗಡಿ ತಿರಗಿ ತಂದಾರ್ರಿ. ಸಣ್ಣದು ಹೆಂಗ ಆದೀತು? ಪಿಸ್ಟನ್ ಸಣ್ಣದಲ್ಲ, ಈ ಬ್ಯಾರಲ್ಲು ದೊಡ್ಡದು. ಸರಿಯಾಗಿ ನೋಡ್ರಿ."

ಉದಯನಿಗೆ ನಗು ತಡೆಯಲಾಗಲಿಲ್ಲ. "ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು! ಎರಡೂ ಒಂದೇ ಮಾರಾಯ್ರೆ. ವಾಪಸ್ ಕೊಟ್ಟು ಬೇರೆ ತರಲಿಕ್ಕೆ ಹೇಳಿ."

"ಹೆಂಗ ಹೇಳಲ್ರಿ?" ಪಾರ್ವತವ್ವನ ದನಿ ಇಳಿಯಿತು. "ಮೊದಲನೇ ಸಲ ನಮ್ಮನಿ ಕೆಲಸ ಅಂತ ಮೈಮ್ಯಾಲೆ ಹಾಕ್ಕೊಂಡಾರ. ತಪ್ಪು ತಂದೀರಿ ಅಂದ್ರ ಎದುರಿಗೆ ಏನೂ ಅನ್ನಂಗಿಲ್ಲ. ಆದ್ರ ಇನ್ನೊಮ್ಮೆ ನಮ್ಮ ಯಾವ ಕೆಲಸಕ್ಕೂ ಕೈ ಹಾಕಂಗಿಲ್ಲ. ನಡುವ ಸಿಕ್ಕು ಸಣ್ಣಾಗಾಕಿ ನಮ್ಮ ಮಗಳು ಸ್ಫೂರ್ತಿ."

ಉದಯನ ನಗು ನಿಂತಿತು. "ಯಾವ ಅಳತೆ ಹೇಳಿ ತಂದರಂತೆ?"

ಅವಳು ಎಲೆಯಡಿಕೆ ಚೀಲದಿಂದ ಒಂದು ರಟ್ಟಿನ ತುಂಡು ತೆಗೆದಳು. ಉದಯನಿಗೆ ಕೂಡಲೇ ಗುರುತು ಸಿಕ್ಕಿತು. ಹೊಸ ಪಿಸ್ಟನ್ ತಂದಾಗಲೆಲ್ಲ ಡಬ್ಬಿಯ ಮೇಲಿನ ಅಳತೆಯ ತುಂಡು ಕತ್ತರಿಸಿ, ಗಾಡಿಯ ನಂಬರು ಬರೆದು, 'ಮುಂದಿನ ಸಲಕ್ಕೆ ಇದೇ ಲೆಕ್ಕ' ಎಂದು ಗಿರಾಕಿಯ ಕೈಗೆ ಕೊಡುವುದು ಅವನದೇ ಪದ್ಧತಿ. ಇಡೀ ಪೇಟೆಯಲ್ಲಿ ಹೀಗೆ ಮಾಡುವವ ತಾನೊಬ್ಬನೇ ಎಂಬ ಜಂಬವೂ ಇತ್ತು. ತುಂಡಿನ ಮೇಲೆ ಐವತ್ತು ಎಂದು ಅಚ್ಚಾಗಿತ್ತು. ಕೆಳಗೆ ಅವನದೇ ಸೊಟ್ಟ ಅಕ್ಷರದಲ್ಲಿ ಪಾರ್ವತವ್ವನ ಗಾಡಿಯ ನಂಬರು. ಅಳಿಯ ತಂದದ್ದೂ ಐವತ್ತೇ.

ಈಗ ಉದಯನ ತಲೆಗೆ ಹುಳ ಹೊಕ್ಕಿತು. ಒಡೆದ ಹಳೆಯ ಪಿಸ್ಟನ್ನನ್ನು ತಗಡಿನ ತಟ್ಟೆಯಿಂದ ಹುಡುಕಿ ತೆಗೆದ. ಅದರ ನೆತ್ತಿಯ ಮೇಲೆ ಮಸಿ ಗಟ್ಟಿಯಾಗಿ ಕೂತಿತ್ತು. ಬ್ಲೇಡಿನಿಂದ ಕೆರೆದ. ಪಾರ್ವತವ್ವನೂ ಬಗ್ಗಿ ನೋಡಿದಳು. ಮೊದಲು ಒಂದು ಕಂಡಿತು. ಆಮೇಲೆ ಸೊನ್ನೆ. ಪಕ್ಕದಲ್ಲಿ ಇನ್ನೊಂದು ಸೊನ್ನೆ.

"ನೂರೇನ್ರಿ?" ಅಂದಳು.

ಉದಯ ಬ್ಲೇಡು ಕೆಳಗಿಟ್ಟ. ಬ್ಯಾರಲ್ಲು ಸವೆದಾಗ ಒಳಗಿಂದ ಕೊರೆಸಿ ಅಗಲ ಮಾಡುತ್ತಾರೆ, ಮೊದಲ ಸಲ ಅರ್ಧ ಮಿಲಿಮೀಟರು, ಅದಕ್ಕೆ ಐವತ್ತು ಅನ್ನುವುದು; ಎರಡನೆಯ ಸಲ ಒಂದು ಮಿಲಿಮೀಟರು, ಅದು ನೂರು. ನೂರಾದ ಮೇಲೆ ಗುಜರಿಯೇ ಗತಿ. ಹೋದ ವರ್ಷ ಆಯುಧಪೂಜೆಯ ಮುಂಚಿನ ಗಡಿಬಿಡಿಯಲ್ಲಿ ಇವಳ ರಿಕ್ಷಾವನ್ನೂ ಸಿದ್ದಾಪುರದ ಮಂಜಪ್ಪನ ರಿಕ್ಷಾವನ್ನೂ ಒಟ್ಟಿಗೇ ಬಿಚ್ಚಿದ್ದ. ಎರಡೂ ಒಂದೇ ಕಂಪನಿಯವು. ಎರಡು ಬ್ಯಾರಲ್ಲು, ಎರಡು ಪಿಸ್ಟನ್ನು ಒಂದೇ ಚೀಲದಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿಸಿ, ಕೊರೆಸಲು ಲೇತಿಗೆ ಕಳಿಸಿದ್ದ. ಗುರುತಿಗೆ ಹಾಕಿದ್ದು ಬರೀ ಸೀಮೆಸುಣ್ಣ. ತಿರುಗಿ ಬಂದಾಗ ಡೀಸೆಲಿನಲ್ಲಿ ತೊಳೆದ, ಸುಣ್ಣವೂ ತೊಳೆದುಹೋಗಿತ್ತು. ರಟ್ಟಿನ ಚೀಟಿಗಳನ್ನು ಮಾತ್ರ ಕಳಿಸುವ ಮೊದಲೇ ಬರೆದಿಟ್ಟಿದ್ದ.

ಮಂಜಪ್ಪನಿಗೆ ಫೋನು ಹಚ್ಚಿದ. "ನಿನ್ನ ರಟ್ಟಿನ ಚೀಟಿಲಿ ಎಷ್ಟು ಬರ್ದದೆ?"

"ತಡಿ... ನೂರು. ಎಂತಕ್ಕೆ? ಗಾಡಿ ಚಲೋ ಓಡ್ತದೆ ಮಾರಾಯಾ."

ಓಡದೆ ಏನು! ಪಾರ್ವತವ್ವನ ಗಟ್ಟಿ ಬ್ಯಾರಲ್ಲು ಅವನ ಗಾಡಿಯಲ್ಲಿ ಕೂತಿದೆ, ಅವನ ಕೊನೆಗಾಲದ ಬ್ಯಾರಲ್ಲು ಇವಳ ಪಾಲಿಗೆ ಬಂದಿದೆ. ಉದಯ ಫೋನನ್ನು ಜೇಬಿಗಿಟ್ಟ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಗೂ ಗೋಡೆಯ ಮೇಲೆ ಬೋರ್ಡಿದೆ.

ಅಷ್ಟರಲ್ಲಿ ಪಾರ್ವತವ್ವನ ಮೊಬೈಲು ರಿಂಗಾಗತೊಡಗಿತು. ಅವಳು ಸೆರಗು ಸರಿಮಾಡಿಕೊಂಡಳೇ ಹೊರತು ಫೋನು ಎತ್ತಲಿಲ್ಲ. "ಅಳಿಯಾರು," ಅಂದಳು. "ಕೂಡಿತೇನು ಅಂತ ಕೇಳ್ತಾರ. ಏನಂತ ಹೇಳಲಿ, ಮೇಸ್ತ್ರಿ?"

ಉದಯ ಅಂಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿದ. "ಇತ್ತ ಕೊಡಿ."

"ಗಿರೀಶರೇ, ನಾನು ಗ್ಯಾರೇಜಿನ ಉದಯ. ನೀವು ತಂದದ್ದು ಸರಿಯಾಗೇ ಅದೆ. ಬ್ಯಾರಲ್ ತಪ್ಪು. ಹೋದ ವರ್ಷ ಮಂಜಪ್ಪ ಅನ್ನೋರ ಬ್ಯಾರಲ್ ಇವರ ಗಾಡಿಗೆ ಕೂರಿಸಿದವ ನಾನೇ. ಹೊಸ ಬ್ಯಾರಲ್ ನಾ ತರ್ತೆ, ನಿಮ್ಮ ಪಿಸ್ಟನ್ನಿಗೇ ಸರಿಯಾಗಿ ಕೊರೆಸಿ ಹಾಕಿಕೊಡ್ತೆ."

ಆ ಕಡೆಯ ದನಿ ಏನೋ ಹೇಳಿ ನಕ್ಕಿತು. ಫೋನು ಪಾರ್ವತವ್ವನ ಕೈಗೆ ಬಂತು. ಅವಳು ರಟ್ಟಿನ ತುಂಡನ್ನು ಮೊದಲಿನಂತೆ ಎಲೆಯಡಿಕೆ ಚೀಲಕ್ಕೆ ಹಾಕಿದಳು. ಗೋಣಿಯ ಮೇಲೆ ಬಿದ್ದಿದ್ದ ಹೊಸ ಪಿಸ್ಟನ್ನನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ, ಬೋರ್ಡಿನ ಕೆಳಗಿದ್ದ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದಳು.

"ಈಗ ಹೇಳ್ರಿ ಮೇಸ್ತ್ರಿ. ಪಿಸ್ಟನ್ ಸಣ್ಣದು ಅನ್ನೂದು, ಬ್ಯಾರಲ್ಲು ದೊಡ್ಡದು ಅನ್ನೂದು, ಎರಡೂ ಒಂದ ಏನ್ರಿ?"