ನೀಲಿ ಟ್ರಾಬಿಯ ಕಾಣೆಯಾದ ಚೀಟಿ

ಆ ಭಾನುವಾರ ಬೆಳಿಗ್ಗೆ ಮುಲ್ಡೆ ನದಿಯಿಂದ ಎದ್ದ ಮಂಜು ಇಗರ್ಜಿಯ ಗೋಪುರವನ್ನು ಅರ್ಧಕ್ಕೆ ನುಂಗಿತ್ತು. ಗಂಟೆಯ ಸದ್ದು ಮಾತ್ರ ಎಲ್ಲಿಂದಲೋ ಇಳಿದು ಬರುತ್ತಿತ್ತು. ಎಗೋನ್ ಶೆಡ್ಡಿನಲ್ಲಿ ನಿಂತು ತನ್ನ ಕಾರಿನ ಕಡತವನ್ನು ಮೂರನೆಯ ಸಲ ತಿರುವಿಹಾಕುತ್ತಿದ್ದ. ಬೇಕಾದ ಚೀಟಿ ಅದರಲ್ಲಿ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಹುಡುಕಿದ.

"ನದಿ ನೆರೇಲಿ ಕೊಚ್ಚಿ ಹೋಯ್ತು ಅಂತ ನೀನೇ ಹೇಳ್ತಿದ್ದೆ. ಹೋದದ್ದು ಈಗ ಸಿಗುತ್ತಾ?" ಬಾಗಿಲಲ್ಲಿ ಗೆಳೆಯ ಲೋಥಾರ್‌ನ ವಿಧವೆ ರೋಸ್ವಿತಾ ನಿಂತಿದ್ದಳು. ಕಪ್ಪು ಕೋಟು, ಒಂದು ಕೈಯಲ್ಲಿ ಪ್ಲಮ್ ಕೇಕಿನ ಬುಟ್ಟಿ, ಇನ್ನೊಂದರಲ್ಲಿ ಪ್ರಾರ್ಥನೆಯ ಪುಸ್ತಕ.

"ಸಿಗಬೇಕಾಗಿಲ್ಲ ಕಣೇ. ಚೀಟಿ ಇಲ್ಲದೋರಿಗೆ ಒಬ್ಬ ಸಾಕ್ಷಿ ಸಾಕು ಅಂತ ಸಂಘದೋರು ಈ ವರ್ಷ ಒಪ್ಪಿದ್ದಾರೆ. ಅರವತ್ನಾಲ್ಕರಲ್ಲಿ ಕಾರಿಗೆ ಹೆಸರು ಬರೆಸೋ ಸಾಲಲ್ಲಿ ನೀನೂ ಇದ್ದೆ."

"ಇದ್ದೆ. ಲೋಥಾರ್ ಜೊತೆ."

"ಹಾಗಾದ್ರೆ ಹೇಳ್ತೀಯಲ್ಲ?"

"ಗೊತ್ತಿದ್ದದ್ದು ಹೇಳ್ತೀನಿ," ಎಂದಳು.

ಹಳೆಯ ಕಾರುಗಳ ಸಂಘ ಪ್ರತಿ ಅಕ್ಟೋಬರಿನಲ್ಲಿ ಓಕ್ ಎಲೆಯ ಒಂದು ಮಾಲೆ ಕೊಡುತ್ತದೆ. ಹೊಳೆಯುವ ಕಾರಿಗಲ್ಲ, ಕಾಯ್ದ ಮನುಷ್ಯನಿಗೆ. ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಒಂದು ಟ್ರಾಬಿ ಕಾರು ಬೇಕೆಂದರೆ ಹೆಸರು ಬರೆಸಿ, ಚೀಟಿ ಪಡೆದು, ಹತ್ತು ಹದಿನೈದು ವರ್ಷ ಕಾಯಬೇಕಿತ್ತು. ಚೀಟಿಯ ಸಂಖ್ಯೆ, ಕಾರಿನ ರಸೀದಿಯ ಸಂಖ್ಯೆ ಎರಡೂ ಒಂದೇ ಇದ್ದರೆ ಮಾಲೆ. ಈ ನಿಯಮಕ್ಕೆ ಕಾರಣವೂ ಇತ್ತು. ಆಗ ಕೆಲವರಿಗೆ ಕಾಯದೆಯೇ ಕಾರು ಬರುತ್ತಿತ್ತು. ನೆರೆಯವನ ಗುಟ್ಟನ್ನು ಗುಪ್ತ ಪೊಲೀಸರ ಕಿವಿಗೆ ಊದಿದವರಿಗೆ.

ಎಗೋನ್‌ಗೆ ಎಪ್ಪತ್ತೊಂಬತ್ತು ದಾಟಿತ್ತು. ಚಳಿಗಾಲ ಬಂದರೆ ಸ್ಟೀರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ವೈದ್ಯರು ಹೇಳಿಬಿಟ್ಟಿದ್ದರು. ಮಾಲೆ ಸಿಕ್ಕರೆ ಈ ವರ್ಷ, ಇಲ್ಲವೆಂದರೆ ಇಲ್ಲ.

ಅವನು ಟ್ಯಾಂಕಿಗೆ ಅಳತೆಕೋಲು ಇಳಿಸಿ ನೋಡಿದ. ಪೆಟ್ರೋಲಿಗೆ ಎಣ್ಣೆ ಬೆರೆಸಿ, ಮಗುವಿಗೆ ಹಾಲು ಎರೆಯುವ ಹಾಗೆ ಸುರಿದ. ಹಿಂದಿನ ಎಳೆಯುವ ಕೊಂಡಿಗೆ ಗ್ರೀಸು ಸವರಿದ. ಆ ಕೊಂಡಿಗೆ ಅವನು ಯಾವತ್ತೂ ಏನನ್ನೂ ಕಟ್ಟಿದವನಲ್ಲ. ಬಣ್ಣವೂ ಅವನ ಮನಸ್ಸಿನದಲ್ಲ; ನೀಲಿ ಕಂಡರೆ ಅವನಿಗಾಗದು. ಆದರೂ ನಲವತ್ತೇಳು ವರ್ಷಗಳಿಂದ ಒಂದು ತಿರುಪನ್ನೂ ಬದಲಿಸಿರಲಿಲ್ಲ. ಬಂದದ್ದು ಬಂದ ಹಾಗೇ ಇರಬೇಕು, ಅದೇ ಅವನ ಭಕ್ತಿ.

ರೋಸ್ವಿತಾ ಹಿಂದಿನ ಸೀಟಿಗೆ ನುಸುಳಿದಳು.

"ಮತ್ತೆ ಹಿಂದೇನಾ? ಜನವರಿಯಿಂದ ನೋಡ್ತಿದ್ದೀನಿ, ನಾನೇನು ನಿನ್ನ ಡ್ರೈವರಾ?"

"ಇಲ್ಲಿ ಕಾಲು ಆರಾಮಾಗಿರುತ್ತೆ."

ಟ್ರಾಬಿಯ ಹಿಂದಿನ ಸೀಟಿನಲ್ಲಿ ಬೆಕ್ಕಿಗೂ ಕಾಲು ಚಾಚಲಾಗದು. ಅವನು ನಕ್ಕ. ಜನವರಿಯಲ್ಲಿ ಕಡತದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿಕೊಟ್ಟವಳು ಅವಳೇ. ಒಂದು ಹಾಳೆಯ ಮೇಲೆ ಅವಳ ಕೈ ಬಹಳ ಹೊತ್ತು ನಿಂತು, ಚಹಾ ಆರಿಹೋಗಿತ್ತು. ಇವಳಿಗೂ ವಯಸ್ಸಾಯಿತು ಎಂದುಕೊಂಡಿದ್ದ.

ನೀಲಿ ಹೊಗೆ ಬಿಡುತ್ತಾ ಕಾರು ಮೊದಲು ಸ್ಮಶಾನದ ಬಳಿ ನಿಂತಿತು. ಅದು ಪ್ರತಿ ಭಾನುವಾರದ ಪದ್ಧತಿ. ಎಗೋನ್ ಮಂಡಿಯೂರಿ ಲೋಥಾರ್‌ನ ಸಮಾಧಿಯ ಕಳೆ ಕಿತ್ತ. ಲೋಥಾರ್ ಅವನ ಜೀವದ ಗೆಳೆಯ. ಒಂದು ದೋಣಿ ಕಟ್ಟುತ್ತಿದ್ದ. ಕಾರು ಬಂದ ಮೇಲೆ ಅದನ್ನು ಬಾಲ್ಟಿಕ್ ಕಡಲಿಗೆ ಎಳೆದೊಯ್ಯಬೇಕೆಂಬ ಆಸೆ. ಎಪ್ಪತ್ತೇಳರ ಮಾರ್ಚಿನಲ್ಲಿ, ಕಡಲು ದಾಟಿ ದೇಶ ಬಿಟ್ಟು ಓಡಿಹೋಗುವವನೆಂದು ಯಾರೋ ಹೇಳಿ, ಕೋಟಿನ ಪೊಲೀಸರು ಬಂದು ಅವನನ್ನು ಕರೆದೊಯ್ದರು. ಎರಡು ವರ್ಷದ ಮೇಲೆ ಪೆಟ್ಟಿಗೆಯಲ್ಲಿ ತಂದುಕೊಟ್ಟರು. ಪೆಟ್ಟಿಗೆಗೆ ಹೆಗಲು ಕೊಟ್ಟವನು ಎಗೋನ್. ರೋಸ್ವಿತಾಳ ಒಲೆಗೆ ಕಲ್ಲಿದ್ದಲು ಹೊತ್ತವನೂ ಅವನೇ.

"ಒಳ್ಳೇ ಮನುಷ್ಯ," ಎಂದ, ಕೈಯ ಮಣ್ಣು ಕೊಡವುತ್ತಾ.

"ನಿನ್ನನ್ನ ನಂಬಿದ್ದ," ಎಂದಳು ಅವಳು.

ಮೇಳ ನಡೆಯುವ ಮೈದಾನದಲ್ಲಿ ಮಂಜು ಹರಿದಿತ್ತು. ಸಾಸೇಜು ಸುಡುವ ವಾಸನೆ, ನಲವತ್ತು ಕಾರುಗಳ ಹೊಗೆ. ಸಂಘದ ತೀರ್ಪುಗಾರ ಯೋಖೆನ್ ರಸೀದಿ ಓದಿದ.

"ಸಂಖ್ಯೆ ನಾಲ್ಕು ಸಾವಿರದ ನಾನೂರ ಎಪ್ಪತ್ತೊಂದು. ಕಾರು ಕೈಗೆ ಬಂದದ್ದು ಎಪ್ಪತ್ತೇಳು, ಮೇ. ಹದಿಮೂರು ವರ್ಷ! ನಮ್ಮಪ್ಪ ಅಷ್ಟು ದಿನ ನಮ್ಮಮ್ಮನಿಗೂ ಕಾಯ್ತಿರ್ಲಿಲ್ಲ."

ಸುತ್ತ ನಿಂತವರು ನಕ್ಕರು. ಯೋಖೆನ್ ಬಗ್ಗಿ ಕೊಂಡಿಯನ್ನು ತಟ್ಟಿದ. "ಇದನ್ನ ಚೀಟೀಲಿ ಬೇರೆಯಾಗಿ ಬರೆಸಿದ್ರೆ ಮಾತ್ರ ಹಾಕ್ತಿದ್ರು. ಏನು ಎಳೀತಿದ್ರಿ, ಎಗೋನ್ ಅವರೇ?"

"ಏನೂ ಇಲ್ಲಪ್ಪ. ಆಗಿನ ಹುಚ್ಚು."

"ಇರ್ಲಿ. ಚೀಟಿ ಇಲ್ಲ, ಸಾಕ್ಷಿ ಯಾರು?"

"ನಾನು," ಎಂದಳು ರೋಸ್ವಿತಾ. "ಆದ್ರೆ ಸಾಕ್ಷಿ ಬೇಕಾಗಲ್ಲ. ಚೀಟಿ ಇದೆ."

ಎಗೋನ್ ತಿರುಗಿ ನೋಡಿದ. ಅವಳು ಪ್ರಾರ್ಥನೆಯ ಪುಸ್ತಕ ಬಿಡಿಸಿ, ನಡುವಿನಿಂದ ನಾಲ್ಕು ಮಡಿಕೆಯ ಹಳದಿ ಕಾಗದವೊಂದನ್ನು ತೆಗೆದಳು. "ನೆರೇಲಿ ಹೋಗಿರ್ಲಿಲ್ಲ, ಎಗೋನ್. ನಮ್ಮನೆ ಎತ್ತರದಲ್ಲಿದೆಯಲ್ಲ."

ಯೋಖೆನ್ ಎಲ್ಲರಿಗೂ ಕೇಳುವಂತೆ ಓದಿದ. "ನಾಲ್ಕು ಸಾವಿರದ ನಾನೂರ ಎಪ್ಪತ್ತೊಂದು. ಅದೇ ಸಂಖ್ಯೆ! ಅರವತ್ನಾಲ್ಕು, ಏಪ್ರಿಲ್. ಬಣ್ಣ ನೀಲಿ. ದೋಣಿ ಎಳೆಯೋಕೆ ಹಿಂದೆ ಕೊಂಡಿ…" ಮಾಲೆಯತ್ತ ಚಾಚಿದ ಅವನ ಕೈ ಅಲ್ಲೇ ನಿಂತಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಕೊಂಡಿಯತ್ತ ತಿರುಗಿದರು.

ರೋಸ್ವಿತಾ ಯೋಖೆನ್‌ನ ಕೈಯಿಂದ ಚೀಟಿ ತೆಗೆದುಕೊಂಡು ಎಗೋನ್‌ನ ಅಂಗೈಯಲ್ಲಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ತಗೋ. ನಿನ್ನ ಕಾರಿಂದು."

ಚೀಟಿಯ ಕೆಳಗೆ ಲೋಥಾರ್‌ನ ಸಹಿ ಇತ್ತು.