ರೋಣಗಲ್ಲಿನ ಗೆರೆಗಳು

“ಈ ಗೆರಿ ಭೂಕಂಪದ್ದಲ್ರಿ ಮೇಡಮ್ಮಾರ. ಕೇಂದ್ರದ ಹಿಂದ ನಮ್ಮ ಕಣ ಇತ್ತು. ಸುಗ್ಗ್ಯಾಗ ಎತ್ತು ಹೂಡಿ ತೆನಿ ಮ್ಯಾಲ ರೋಣಗಲ್ಲು ಹೊಡೀತಿದ್ವಿ, ಅದರ ನಡುಕ” ಎಂದು ಹನುಮಂತರಾಯಪ್ಪ ನಕ್ಕರು. ಭೈರವಾನಿತಿಪ್ಪದ ಭೂಕಂಪ ಕೇಂದ್ರದಲ್ಲಿ ಒಂದು ಕಾಲಕ್ಕೆ ದಿನಾ ಕಂಪನ ದಾಖಲಿಸುವ ಯಂತ್ರದ ಕಾಗದದ ಸುರುಳಿ ಬದಲಿಸುತ್ತಿದ್ದವರು ಅವರೇ.

ಆ ಸುರುಳಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಕೃಷ್ಣವೇಣಿಯ ಮುಖ ಸಪ್ಪಗಾಯಿತು. ಹೊಸ ಯಂತ್ರದಲ್ಲಿ ಒಮ್ಮೆಯೂ ಮೂಡದ ಈ ಗೆರೆಗಳನ್ನು ಸಣ್ಣ ಭೂಕಂಪಗಳೆಂದು ನಂಬಿ ಬೆನ್ನು ಹತ್ತಿ ಅವಳಿಗೆ ತಿಂಗಳಾಗಿತ್ತು. ತಾರೀಖು, ವಾರ ಗಟ್ಟಿಯಾಗಿ ಓದುತ್ತ ಒಂದೊಂದಕ್ಕೂ ‘ರೋಣಗಲ್ಲು’ ಎಂದು ಚೀಟಿ ಅಂಟಿಸತೊಡಗಿದಳು.

“ಎಂಬತ್ತೈದು, ಜನವರಿ ಇಪ್ಪತ್ತೊಂದು, ಸೋಮವಾರ.”

“ತಡೀರಿ!” ಹನುಮಂತರಾಯಪ್ಪ ಎದ್ದು ಬಂದು ಆ ಗೆರೆಯ ಮೇಲೆ ಬೆರಳಿಟ್ಟರು. “ಸೋಮವಾರ ಬಸವಣ್ಣನ ವಾರ್ರಿ. ನಮ್ಮೂರಾಗ ಯಾರೂ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಅವತ್ತು ಕಲ್ಲು ಉರುಳಿಲ್ರಿ.”

ಕೃಷ್ಣವೇಣಿ ಚೀಟಿ ಕಿತ್ತು, ಭೂತಗನ್ನಡಿಗೆ ಕೈಚಾಚಿದಳು.